ಧೋಫಾರ್: ಮರಳುಗಾಡಿನ ಅಂಚಿನ ಮುಂಗಾರು ನಾಡು

ಒಮಾನ್ ದೇಶದ ದಕ್ಷಿಣದ ಪ್ರಾಂತ್ಯ ಧೋಫಾರ್. ವಿಸ್ತೀರ್ಣ ಸುಮಾರು 99,000 ಚದರ ಕಿ.ಮೀ.; ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಉತ್ತರಕ್ಕೆ ರುಬ್ ಅಲ್ ಖಾಲಿ ಮರಳುಗಾಡು, ದಕ್ಷಿಣಕ್ಕೆ ಅರಬ್ಬಿ ಸಮುದ್ರ. ಮುಖ್ಯ ಪಟ್ಟಣ ಸಲಾಲಾ.

ಕನ್ನಡ ಕರಾವಳಿಗೆ ಮಳೆ ಸುರಿಸುವ ನೈರುತ್ಯ ಮಾರುತವೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಡಲತಡಿಯ ಬೆಟ್ಟಗಳಿಗೆ ಮಂಜು, ತುಂತುರುಗಳನ್ನು ತರುತ್ತದೆ. ಸ್ಥಳೀಯರು ಇದನ್ನು ಖರೀಫ್ ಎನ್ನುತ್ತಾರೆ. ರಾಜ್ಯದ ರೈತರ ಮುಂಗಾರು ಹಂಗಾಮಿನ ಹೆಸರೂ ಇದೇ ಅರಬ್ಬಿ ಪದದಿಂದ ಬಂದದ್ದು. ಹೀಗಾಗಿ ಸಲಾಲಾದಲ್ಲಿ ತೆಂಗು, ಬಾಳೆ ಬೆಳೆಯುತ್ತವೆ.

14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ ತೆಂಗು, ವೀಳ್ಯದೆಲೆಗಳನ್ನು ಕಂಡು ಬರೆದಿದ್ದಾನೆ. ಇಲ್ಲಿಂದ ಭಾರತಕ್ಕೆ ಕುದುರೆ ಹೋಗುತ್ತಿತ್ತು, ಅಲ್ಲಿಂದ ಅಕ್ಕಿ ಬರುತ್ತಿತ್ತು. ಮುಂದೆ ಆತ ಹೊನ್ನಾವರ, ಮಂಗಳೂರುಗಳನ್ನೂ ನೋಡಿದ. ವಿಜಯನಗರದ ಸೇನೆಗೆ ಅರಬ್ ಕುದುರೆಗಳು ಇಳಿಯುತ್ತಿದ್ದುದು ಭಟ್ಕಳದಂತಹ ಬಂದರುಗಳಲ್ಲೇ. ಅದಕ್ಕೂ ಬಹು ಹಿಂದೆ ಪ್ರಾಂತ್ಯಕ್ಕೆ ಹೆಸರು ತಂದದ್ದು ಲುಬಾನ್ ಎಂಬ ಧೂಪದ ಅಂಟು. ಬೆಟ್ಟಗಳಾಚೆಯ ಒಣನೆಲದ ಮರಗಳ ತೊಗಟೆ ಕೆತ್ತಿ ಇದನ್ನು ತೆಗೆಯುತ್ತಾರೆ. ಈ ವ್ಯಾಪಾರದ ತಾಣಗಳನ್ನು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1965ರಿಂದ ದಶಕ ಕಾಲ ಬಂಡಾಯದಲ್ಲಿ ಬೆಂದ ಪ್ರಾಂತ್ಯವಿದು. ಇಂದಿನ ಆದಾಯ ತೈಲ, 1998ರಲ್ಲಿ ಆರಂಭವಾದ ಕಂಟೇನರ್ ಬಂದರು ಹಾಗೂ ಖರೀಫ್ ನೋಡಲು ಬರುವ ಕೊಲ್ಲಿ ಪ್ರವಾಸಿಗರದು.

ಆತಂಕವಿರುವುದು ನೀರಿನ ವಿಷಯದಲ್ಲಿ. ಬೆಟ್ಟದ ಮರಗಳ ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸುತ್ತವೆ. ಆ ನೀರು ಇಂಗಿ ಬಯಲಿನ ಬಾವಿಗಳನ್ನು ತುಂಬುತ್ತದೆ. 1970ರ ನಂತರದ ಸಮೃದ್ಧಿಯಲ್ಲಿ ಒಂಟೆಗಳು ಹೆಚ್ಚಿ ಮರಗಳನ್ನು ಮೇಯುತ್ತಿವೆ. ಮರ ಹೋದಲ್ಲಿ ಹುಲ್ಲು ಅಷ್ಟು ಮಂಜನ್ನು ಹಿಡಿಯಲಾರದು, ಹೊಸ ಸಸಿಗೂ ನೀರು ಸಾಲದು. ಬಯಲಿನಲ್ಲಿ ಪಂಪುಗಳು ಅತಿಯಾಗಿ ನೀರೆತ್ತಿದ ಕಡೆ ಈಗಾಗಲೇ ಉಪ್ಪುನೀರು ನುಗ್ಗಿದೆ.