ಅವಧಿ ಮುಗಿಯುವ ಕುರ್ಚಿ, ಮುಗಿಯದ ಕುರ್ಚಿ

ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮಾನ್ಪಾಡಾ ದಾಟುವಾಗ ಎತ್ತರದ ವಸತಿ ಕಟ್ಟಡಗಳ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಕಾಣುತ್ತದೆ. ಚಿರತೆಗಳಿರುವ ಆ ಕಾಡಿನ ಅಡಿಯಿಂದ ಬೋರಿವಲಿಗೆ ಜೋಡಿ ಸುರಂಗ ಕೊರೆಯುವ 11.8 ಕಿಲೋಮೀಟರ್ ಉದ್ದದ ಯೋಜನೆಗೆ 2024ರ ಜುಲೈಯಲ್ಲಿ ಭೂಮಿಪೂಜೆಯಾಯಿತು. ಇಂಥ ಕಾಮಗಾರಿ ಬಂದಾಗ ಕಾಡಿನ ಪರವಾಗಿ ಪ್ರಶ್ನೆ ಕೇಳಬೇಕಾದದ್ದು ರಾಷ್ಟ್ರೀಯ ವನ್ಯಜೀವಿ ಮಂಡಳಿ. ಅಲ್ಲಿ ಯಾರು, ಎಷ್ಟು ಕಾಲ ಕೂರುತ್ತಾರೆ ಎಂಬುದು ಆದ್ದರಿಂದ ಈ ರಸ್ತೆಯವರಿಗೂ ಸಂಬಂಧಪಟ್ಟ ಮಾತು.

ಆ ಮಂಡಳಿಯ ಪೂರ್ವಜನ ಮೊದಲ ಸಭೆ ನಡೆದದ್ದು 1952ರಲ್ಲಿ, ಮೈಸೂರಿನಲ್ಲಿ. ಅಧ್ಯಕ್ಷರು ಜಯಚಾಮರಾಜೇಂದ್ರ ಒಡೆಯರ್. ಆಗ ಅದಕ್ಕೆ ಕಾಯ್ದೆಯ ಬಲವಿರಲಿಲ್ಲ. ಸಲಹೆ ಕೊಡುವುದಷ್ಟೇ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಜ್ಯಗಳಲ್ಲಿ ಸಲಹಾ ಮಂಡಳಿಗಳನ್ನು ತಂದಿತು. 2002ರ ತಿದ್ದುಪಡಿ ಪ್ರಧಾನಿಯ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಮಂಡಳಿಯನ್ನೂ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ರಾಜ್ಯ ಮಂಡಳಿಗಳನ್ನೂ ಕಾಯ್ದೆಯೊಳಗೆ ಸೇರಿಸಿತು.

ರಾಷ್ಟ್ರೀಯ ಮಂಡಳಿಗೆ ಸರ್ಕಾರದ ಹೊರಗಿನ 10 ತಜ್ಞರು, ಸ್ವಯಂಸೇವಾ ಸಂಸ್ಥೆಗಳ 5 ಪ್ರತಿನಿಧಿಗಳು ಇರಬೇಕು. ಅವರ ಅವಧಿಯನ್ನು ಕಾಯ್ದೆ ಹೇಳುವುದಿಲ್ಲ, ನಿಯಮಗಳಿಗೆ ಬಿಟ್ಟಿದೆ. ಅದು ಮೂರು ವರ್ಷ. ಮಂತ್ರಿಗಳೂ ಅಧಿಕಾರಿಗಳೂ ಹುದ್ದೆಯ ಬಲದಿಂದಲೇ ಸದಸ್ಯರು. ಅಲ್ಲಿ ವ್ಯಕ್ತಿ ಬದಲಾಗಬಹುದು, ಕುರ್ಚಿ ಖಾಲಿಯಾಗದು.

ಮೂರು ವರ್ಷ ಸಾಕೇ? ಕಡತಗಳ ಒಳಗುಟ್ಟು ತಿಳಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ ಎನ್ನಬಹುದು. ಅವಧಿ ಇಲ್ಲದಿದ್ದರೆ ಅದೇ ಹತ್ತು ಮುಖಗಳು ಕೂತಿರುತ್ತವೆ ಎಂಬುದೂ ನಿಜ. ಮರುನಾಮಕರಣದ ಆಸೆಯಿರುವವರು 'ಬೇಡ' ಎನ್ನಲು ಹಿಂದೇಟು ಹಾಕಬಹುದು. ಆದರೆ ನಿಜವಾದ ತೊಡಕು ಅವಧಿ ಮುಗಿದ ಮರುದಿನದ್ದು.

2014ರ ಜುಲೈಯಲ್ಲಿ ಮಂಡಳಿಯನ್ನು ಪುನರ್ರಚಿಸಿದಾಗ ತಜ್ಞರ ಸ್ಥಾನಕ್ಕೆ ಬಂದವರು ಇಬ್ಬರೇ. ಅವರಲ್ಲೊಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆನೆ ತಜ್ಞ ರಾಮನ್ ಸುಕುಮಾರ್. ಐದು ಸಂಸ್ಥೆಗಳ ಜಾಗದಲ್ಲಿ ಇದ್ದದ್ದು ಒಂದು, ಅದೂ ಗುಜರಾತ್ ಸರ್ಕಾರವೇ ಹುಟ್ಟುಹಾಕಿದ ಪ್ರತಿಷ್ಠಾನ. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ತೀರ್ಮಾನಗಳನ್ನು ತಡೆಹಿಡಿಯಿತು.

ಸಭೆ ಸೇರಬೇಕಾದದ್ದೂ ಮಂಡಳಿಯೇ. ಪೂರ್ಣ ಮಂಡಳಿ 2012ರ ಸೆಪ್ಟೆಂಬರ್ ಬಳಿಕ ಸೇರಿದ್ದು 2025ರ ಮಾರ್ಚ್ 3ರಂದು, ಗುಜರಾತಿನ ಗಿರ್‌ನಲ್ಲಿ. ನಡುವಿನ ಹನ್ನೆರಡು ವರ್ಷ ಯೋಜನೆಗಳನ್ನು ನೋಡಿದ್ದು ಸ್ಥಾಯಿ ಸಮಿತಿ. ಅದರ ಸದಸ್ಯರನ್ನು ಆರಿಸುವವರು ಪರಿಸರ ಸಚಿವರು. ಮೂರು ವರ್ಷದ ಅವಧಿಯಲ್ಲಿ ಒಮ್ಮೆಯೂ ಪೂರ್ಣ ಸಭೆ ಕಾಣದೆ ಎದ್ದುಹೋಗುವ ಸದಸ್ಯನಿಗೆ ಅವಧಿಯಿದ್ದೂ ಇಲ್ಲದಂತೆಯೇ.

ಅವಧಿಗೆ ಮಿತಿ ಬೇಕು. ಖಾಲಿಯಾದ ಜಾಗ ಎಷ್ಟು ದಿನದೊಳಗೆ ತುಂಬಬೇಕು, ಸಭೆ ಎಷ್ಟಕ್ಕೊಮ್ಮೆ ಸೇರಲೇಬೇಕು ಎಂಬುದಕ್ಕೂ ಮಿತಿ ಬೇಕು. ಇಲ್ಲವಾದರೆ ಹೊರಗಿನವರ ಕುರ್ಚಿಗೆ ಮಾತ್ರ ಗಡಿಯಾರ ಕಟ್ಟಿದಂತಾಗುತ್ತದೆ.