ಆಸ್ಪತ್ರೆಗೆ ದಾಖಲಾದ ಮಕ್ಕಳಲ್ಲಿ ಪರಾವಲಂಬಿ ಸೋಂಕಿನ ರೋಗನಿರ್ಣಯ

ಆಸ್ಪತ್ರೆಗೆ ದಾಖಲಾದ ಮಕ್ಕಳಲ್ಲಿ ಪರಾವಲಂಬಿ ಸೋಂಕಿನ ರೋಗನಿರ್ಣಯ ಎಂದರೆ, ಮಗುವಿನ ದೇಹದಲ್ಲಿ ಆಶ್ರಯ ಪಡೆದಿರುವ ಹುಳುಗಳನ್ನು ಅಥವಾ ಏಕಕೋಶ ಜೀವಿಗಳನ್ನು ಮಲ, ರಕ್ತ ಮೊದಲಾದ ಮಾದರಿಗಳ ಪರೀಕ್ಷೆಯಿಂದ ಗುರುತಿಸುವ ಕ್ರಮ. ಜ್ವರ, ಭೇದಿ, ರಕ್ತಹೀನತೆ, ಸೆಳವು ಇವು ಯಾವುದೋ ಒಂದೇ ರೋಗದ ಲಕ್ಷಣಗಳಲ್ಲ. ಆದ್ದರಿಂದ ಪರಾವಲಂಬಿಯ ಸಾಧ್ಯತೆ ವೈದ್ಯರ ಮನಸ್ಸಿನಲ್ಲಿ ಮೊದಲೇ ಇರದಿದ್ದರೆ ಸರಿಯಾದ ಮಾದರಿ ಪ್ರಯೋಗಾಲಯಕ್ಕೆ ಹೋಗುವುದೇ ಇಲ್ಲ.

ಕರಾವಳಿಯ ಹಿನ್ನೆಲೆ

ಕಾರವಾರ ಮತ್ತು ಅಂಕೋಲಾಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಬಿಣಗಾ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಮಳೆ ಹೆಚ್ಚು, ಮಣ್ಣು ಮರಳುಮಿಶ್ರಿತ, ತೋಟಗಳಲ್ಲಿ ನೆರಳು ದಟ್ಟ. ಕೊಕ್ಕೆಹುಳುವಿನ ಮರಿಗಳು ಬದುಕಲು ಬೇಕಾದುದು ಇಂಥ ತೇವದ ನೆರಳಿನ ನೆಲವೇ. ಅವು ಬರಿಗಾಲಿನ ಚರ್ಮವನ್ನು ಕೊರೆದು ದೇಹ ಸೇರುತ್ತವೆ. ಈ ಭಾಗದ ಮಕ್ಕಳಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ, 2016ರಲ್ಲಿ ಆರಂಭವಾದ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದು. ಗಂಭೀರ ಸ್ಥಿತಿಯಲ್ಲಿರುವವರನ್ನು ಗೋವಾ, ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಿಗೆ ಒಯ್ಯುವುದು ವಾಡಿಕೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಬಲವಾಗಿ ಕೇಳಿಬಂದದ್ದು ಈ ದೂರದ ಕಾರಣದಿಂದಲೇ. ಸೂಕ್ಷ್ಮದರ್ಶಕ ಮತ್ತು ನುರಿತ ತಂತ್ರಜ್ಞರು ಇದ್ದರೆ ಇಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಸ್ಥಳೀಯವಾಗಿಯೇ ಮಾಡಬಹುದು.

ಮಲ ಪರೀಕ್ಷೆ

ಅತ್ಯಂತ ಹಳೆಯದಾದ, ಅಗ್ಗವಾದ, ಆದರೆ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾಗಿರುವ ಪರೀಕ್ಷೆ ಇದು. ಮಾದರಿಯನ್ನು ಒಣಗಿದ, ಅಗಲ ಬಾಯಿಯ ಡಬ್ಬಿಯಲ್ಲಿ, ಮೂತ್ರ ಮತ್ತು ನೀರು ಸೇರದಂತೆ ಸಂಗ್ರಹಿಸಬೇಕು. ತೆಳುವಾದ ಭೇದಿಯನ್ನು ಅರ್ಧ ಗಂಟೆಯೊಳಗೆ ನೋಡಬೇಕು. ತಡವಾದರೆ ಅಮೀಬಾದ ಚಲಿಸುವ ರೂಪ ಸತ್ತು ಗುರುತು ಸಿಗದಂತಾಗುತ್ತದೆ. ವಾರ್ಡಿನಿಂದ ಪ್ರಯೋಗಾಲಯಕ್ಕೆ ಸಂಜೆಯವರೆಗೆ ಹೋಗದೆ ಉಳಿದ ಡಬ್ಬಿಯ ವರದಿಯಲ್ಲಿ ‘ಏನೂ ಕಂಡಿಲ್ಲ’ ಎಂದಿದ್ದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ.

ಮಲದ ಒಂದು ಕಣವನ್ನು ಲವಣದ್ರಾವಣದಲ್ಲಿಯೂ ಇನ್ನೊಂದನ್ನು ಅಯೋಡಿನ್ನಿನಲ್ಲಿಯೂ ಕಲಸಿ ನೋಡಲಾಗುತ್ತದೆ. ಮೊದಲನೆಯದರಲ್ಲಿ ಚಲನೆ ಕಾಣುತ್ತದೆ, ಎರಡನೆಯದರಲ್ಲಿ ಕೋಶಗಳ ಒಳರಚನೆ. ಜಿಯಾರ್ಡಿಯಾದ ಕೋಶ 8ರಿಂದ 12 ಮೈಕ್ರಾನ್ ಉದ್ದವಿದ್ದು, ಬಲಿತಾಗ ನಾಲ್ಕು ಕೋಶಕೇಂದ್ರಗಳನ್ನು ಹೊಂದಿರುತ್ತದೆ. ಆಮಶಂಕೆ ತರುವ ಅಮೀಬಾ ಮತ್ತು ನಿರುಪದ್ರವಿಯಾದ ಅದರ ಸೋದರ ಪ್ರಭೇದ ನೋಟಕ್ಕೆ ಒಂದೇ. ಅಮೀಬಾದೊಳಗೆ ಕೆಂಪು ರಕ್ತಕಣ ಕಂಡರೆ ಮಾತ್ರ ರೋಗಕಾರಕವೆಂಬ ಅನುಮಾನ ಬಲವಾಗುತ್ತದೆ. ಖಚಿತತೆಗೆ ಪ್ರತಿಜನಕ ಪರೀಕ್ಷೆ ಅಥವಾ ಪಿಸಿಆರ್ ಬೇಕು. ಎಳೆಯ ಮಕ್ಕಳ ದೀರ್ಘ ಭೇದಿಗೆ ಕಾರಣವಾಗುವ ಕ್ರಿಪ್ಟೋಸ್ಪೊರಿಡಿಯಮ್ ಕೇವಲ 4ರಿಂದ 6 ಮೈಕ್ರಾನ್‌ನದು. ಮಾರ್ಪಡಿಸಿದ ಆಮ್ಲನಿರೋಧಕ ಬಣ್ಣ ಹಾಕಬೇಕೆಂದು ವೈದ್ಯರು ಬರೆದು ಕೇಳದಿದ್ದರೆ ಅದು ಕಣ್ತಪ್ಪಿಹೋಗುತ್ತದೆ.

ಹುಳುಗಳ ಮೊಟ್ಟೆಗಳು ಪ್ರತಿದಿನ ಒಂದೇ ಪ್ರಮಾಣದಲ್ಲಿ ಹೊರಬರುವುದಿಲ್ಲವಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ಪರೀಕ್ಷಿಸುವುದು ಒಳ್ಳೆಯದು. 2015ರಿಂದ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತಿದೆ. ಮಾತ್ರೆಯಿಂದ ಹುಳುಗಳ ಸಂಖ್ಯೆ ಕುಗ್ಗಿದಲ್ಲಿ ಮೊಟ್ಟೆಗಳೂ ವಿರಳವಾಗುತ್ತವೆ. ಆಗ ಫಾರ್ಮಾಲಿನ್–ಈಥರ್ ಸಾಂದ್ರೀಕರಣ ವಿಧಾನ ನೆರವಾಗುತ್ತದೆ. ದಾರಹುಳುವಿಗೆ ಮಲ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಬೆಳಿಗ್ಗೆ ಮಗುವನ್ನು ತೊಳೆಯುವ ಮೊದಲು ಗುದದ್ವಾರದ ಬಳಿ ಅಂಟುಪಟ್ಟಿ ಒತ್ತಿ ತೆಗೆದು ನೋಡಬೇಕು.

ರಕ್ತ ಪರೀಕ್ಷೆ

ಮಲೇರಿಯಾ ಶಂಕೆಯಿದ್ದಾಗ ದಪ್ಪ ಮತ್ತು ತೆಳು ರಕ್ತಲೇಪಗಳೆರಡೂ ಬೇಕು. ದಪ್ಪ ಲೇಪ ಪರಾವಲಂಬಿ ಇದೆಯೇ ಎಂಬುದನ್ನೂ ತೆಳು ಲೇಪ ಯಾವ ಪ್ರಭೇದ ಎಂಬುದನ್ನೂ ತಿಳಿಸುತ್ತದೆ. ತ್ವರಿತ ಪರೀಕ್ಷಾ ಪಟ್ಟಿ ಕಾಲು ಗಂಟೆಯ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಫಾಲ್ಸಿಪಾರಮ್ ಪತ್ತೆಯ ಪಟ್ಟಿ ಮಾತ್ರ ಚಿಕಿತ್ಸೆ ಮುಗಿದ ವಾರಗಳ ನಂತರವೂ ಧನಾತ್ಮಕವಾಗಿ ಉಳಿಯಬಹುದು. ಹಾಗಾಗಿ ಗುಣವಾಯಿತೇ ಎಂದು ತಿಳಿಯಲು ಲೇಪವೇ ಆಧಾರ. ಪ್ರಜ್ಞೆ ತಪ್ಪಿದ ಮಗುವಿನ ಮೊದಲ ಲೇಪದಲ್ಲಿ ಏನೂ ಕಾಣದಿದ್ದರೂ ಪರೀಕ್ಷೆಯನ್ನು ಪುನರಾವರ್ತಿಸಲೇಬೇಕು. ಉತ್ತರ ಕನ್ನಡದಲ್ಲಿ ಜ್ವರವೆಂದರೆ ಮಂಗನ ಕಾಯಿಲೆ ಮತ್ತು ಇಲಿಜ್ವರಗಳೂ ನೆನಪಾಗುತ್ತವೆ. ಮೊದಲನೆಯದು ವೈರಾಣುವಿನದು, ಎರಡನೆಯದು ಬ್ಯಾಕ್ಟೀರಿಯಾದ್ದು. ಅವುಗಳ ಪರೀಕ್ಷೆಗಳು ಬೇರೆ.

ಆನೆಕಾಲು ರೋಗದ ಜಿಲ್ಲೆಗಳ ಪಟ್ಟಿಯಲ್ಲಿ ಉತ್ತರ ಕನ್ನಡವೂ ಸೇರಿತ್ತು. ಕಾಲು ಬಾಯುವುದು ವಯಸ್ಸಾದ ಮೇಲೆ. ಸೋಂಕು ತಗಲುವುದು ಅನೇಕ ವೇಳೆ ಬಾಲ್ಯದಲ್ಲಿ. ಇದರ ಸೂಕ್ಷ್ಮಮರಿಗಳು ರಾತ್ರಿಯ ಹೊತ್ತು ರಕ್ತನಾಳಗಳಲ್ಲಿ ಸಂಚರಿಸುವುದರಿಂದ ಸುಮಾರು 10ರಿಂದ 2 ಗಂಟೆಯೊಳಗೆ ರಕ್ತ ತೆಗೆಯಬೇಕಾಗುತ್ತದೆ. ಪ್ರತಿಜನಕ ಪಟ್ಟಿಗೆ ಈ ಕಾಲನಿಯಮವಿಲ್ಲ. ಸಮೀಕ್ಷೆಗಳಲ್ಲಿ 6–7 ವರ್ಷದ ಮಕ್ಕಳನ್ನು ಅದರಿಂದಲೇ ಪರೀಕ್ಷಿಸುತ್ತಾರೆ.

ಸ್ಟಿರಾಯ್ಡ್‌ಗೆ ಮುನ್ನ

ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡದೆ ಕರುಳಿನಲ್ಲಿ ಉಳಿಯಬಲ್ಲದು. ಮೂತ್ರಪಿಂಡದ ನೆಫ್ರೋಟಿಕ್ ಕಾಯಿಲೆಯಂತಹ ಕಾರಣಕ್ಕೆ ಸ್ಟಿರಾಯ್ಡ್ ಕೊಟ್ಟಾಗ ಅದು ಮಿತಿಮೀರಿ ವೃದ್ಧಿಸಿ, ಮರಿಗಳು ಶ್ವಾಸಕೋಶಕ್ಕೂ ಮೆದುಳಿಗೂ ಹರಡಿ, ಪ್ರಾಣವನ್ನೇ ತೆಗೆಯಬಹುದು. ಮಲದಲ್ಲಿ ಇದರ ಮೊಟ್ಟೆಯಲ್ಲ, ಮರಿಯೇ ಕಾಣುತ್ತದೆ. ಆದರೆ ಡಬ್ಬಿ ಒಂದು ದಿನ ಬೆಚ್ಚಗೆ ಬಿದ್ದಿದ್ದರೆ ಕೊಕ್ಕೆಹುಳುವಿನ ಮೊಟ್ಟೆಯೂ ಒಡೆದು ಮರಿಯಾಗುತ್ತದೆ. ಎರಡರ ಮರಿಗಳನ್ನು ಬಾಯಿಯ ನಾಳದ ಉದ್ದದಿಂದ ಬೇರ್ಪಡಿಸಬೇಕು: ಸ್ಟ್ರಾಂಗಿಲಾಯ್ಡಿಸ್‌ನಲ್ಲಿ ಗಿಡ್ಡ, ಕೊಕ್ಕೆಹುಳುವಿನಲ್ಲಿ ಉದ್ದ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಹೆಚ್ಚಿರುವುದು ಹುಳುಬಾಧೆಯ ಸುಳಿವೇನೋ ಹೌದು, ಆದರೆ ಸ್ಟಿರಾಯ್ಡ್ ಆರಂಭವಾದ ಮೇಲೆ ಆ ಸುಳಿವೂ ಅಳಿಸಿಹೋಗುತ್ತದೆ.

ಇತರ ಪರೀಕ್ಷೆಗಳು

ಹೊಟ್ಟೆ ಉಬ್ಬಿ ವಾಂತಿಯಾಗುವ ಮಗುವಿನ ಕರುಳಿನಲ್ಲಿ ಗಂಟುಕಟ್ಟಿದ ದುಂಡುಹುಳುಗಳನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಸೆಳವಿಗೆ ಕಾರಣವಾದ ಲಾಡಿಹುಳುವಿನ ಕೋಶವನ್ನು ಮೆದುಳಿನ ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲಿ, ಒಳಗಿನ ಹುಳುವಿನ ತಲೆ ಚುಕ್ಕೆಯಂತೆ ಕಂಡಾಗ, ನಿಶ್ಚಯಿಸಬಹುದು. 2024ರಲ್ಲಿ ನೆರೆಯ ಕೇರಳದಲ್ಲಿ ಮಕ್ಕಳನ್ನು ಬಾಧಿಸಿದ ಅಮೀಬಾ ಮೆದುಳುಜ್ವರದಲ್ಲಿ ಬೆನ್ನುಹುರಿಯ ದ್ರವವನ್ನು ತಕ್ಷಣ, ಶೈತ್ಯಪೆಟ್ಟಿಗೆಯಲ್ಲಿಡದೆ, ಸೂಕ್ಷ್ಮದರ್ಶಕದಡಿ ನೋಡಬೇಕು. ತಣ್ಣಗಾದರೆ ಅಮೀಬಾದ ಚಲನೆ ನಿಂತುಹೋಗಿ, ಅದನ್ನು ಬಿಳಿ ರಕ್ತಕಣವೆಂದೇ ಭಾವಿಸುವ ಸಂಭವವಿದೆ.