ವ್ಯಾಕರಣದ ಮಗಳು ಗ್ಲಾಮರ್

ಶಾಲೆಯಲ್ಲಿ ಆಕಳಿಕೆ ತರಿಸುವ ‘ಗ್ರಾಮರ್’, ತೆರೆಯ ಮೇಲೆ ಕಣ್ಣು ಕೋರೈಸುವ ‘ಗ್ಲಾಮರ್’ ಇವೆರಡೂ ಮೂಲದಲ್ಲಿ ಒಂದೇ ಪದ.

ಗ್ರೀಕಿನಲ್ಲಿ ‘ಗ್ರಮ್ಮ’ ಎಂದರೆ ಅಕ್ಷರ. ಅದರಿಂದ ಹುಟ್ಟಿದ ‘ಗ್ರಮ್ಮಾಟಿಕಾ’ ಮಧ್ಯಯುಗದ ಯುರೋಪಿನಲ್ಲಿ ಲ್ಯಾಟಿನ್ ಓದುಬರಹಕ್ಕೇ ಹೆಸರಾಯಿತು. ಅದನ್ನು ಬಲ್ಲವರು ಬಹುಮಟ್ಟಿಗೆ ಪಾದ್ರಿಗಳು, ವಿದ್ವಾಂಸರು. ಅವರು ಪುಸ್ತಕ ತೆರೆದು ತಿಳಿಯದ ಭಾಷೆಯಲ್ಲಿ ಏನನ್ನೋ ಓದಿದರೆ, ಅಕ್ಷರ ಬಾರದವರ ಕಿವಿಗೆ ಪಾಠಕ್ಕೂ ಮಂತ್ರಕ್ಕೂ ವ್ಯತ್ಯಾಸವೇನು? ಹೀಗೆ ಇಂಗ್ಲಿಷಿನ ‘ಗ್ರಾಮರಿ’ ಎಂಬ ರೂಪಕ್ಕೆ ಮಾಟವಿದ್ಯೆ ಎಂಬ ಅರ್ಥ ಸೇರಿತು. ಫ್ರೆಂಚಿನಲ್ಲಿ ಮಾಟದ ಹೊತ್ತಗೆಗೆ ‘ಗ್ರಿಮ್ವಾರ್’ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಪದದ ಮೊದಲ ರಕಾರ ಲಕಾರವಾಗಿ ‘ಗ್ಲಾಮರ್’ ಆಯಿತು. ಆಗ ಅದರ ಅರ್ಥ ಚೆಲುವಲ್ಲ. ಇಲ್ಲದ್ದನ್ನು ಇದ್ದಂತೆ ತೋರಿಸುವ ಕಣ್ಕಟ್ಟು.

ಕಣ್ಕಟ್ಟು ಎಂದಮೇಲೆ ಅದನ್ನು ಮಾಡಿದವರು ಯಾರಾದರೂ ಇರಬೇಕು. ಅಲೆಮಾರಿ ಜಿಪ್ಸಿಗಳ ತಲೆಗೆ ಅದು ಸುಲಭವಾಗಿ ಕಟ್ಟಿಕೊಂಡಿತು. ಸ್ಕಾಟ್ಲೆಂಡಿನಲ್ಲಿ ಅವರನ್ನು ‘ಈಜಿಪ್ಷಿಯನ್ನರು’ ಎಂದು ಕರೆಯುತ್ತಿದ್ದರು. ದೇಶ ಬಿಟ್ಟು ಹೋಗದವರಿಗೆ ಮರಣದಂಡನೆ ಎಂದು 1609ರ ಕಾಯಿದೆ ಸಾರಿತು. 18ನೇ ಶತಮಾನದಲ್ಲಿ ಅಚ್ಚಾದ ಜಾನಿ ಫಾ ಲಾವಣಿಯಲ್ಲಿ ದೊಡ್ಡ ಮನೆತನದ ಹೆಂಗಸೊಬ್ಬಳು ಜಿಪ್ಸಿಗಳ ಜೊತೆ ಹೊರಟುಹೋಗುತ್ತಾಳೆ. ಅವರು ಅವಳ ಮೇಲೆ ಗ್ಲಾಮರ್ ಹಾಕಿದ್ದರಂತೆ! ಕೊನೆಗೆ ಅವಳೊಬ್ಬಳ ಸಲುವಾಗಿ ಅವರೆಲ್ಲರೂ ಸಾಯುತ್ತಾರೆ. ಅವಳು ತಾನಾಗಿಯೇ ಹೋದಳೇ ಎಂದು ಯಾರೂ ಕೇಳದಂತೆ ಆ ಒಂದು ಪದ ನೋಡಿಕೊಂಡಿತು.

ರಾಬರ್ಟ್ ಬರ್ನ್ಸ್ 1789ರ ಕವಿತೆಯೊಂದರಲ್ಲಿ ಗ್ಲಾಮರ್, ಗ್ರಾಮರ್ ಎರಡನ್ನೂ ಪ್ರಾಸವಾಗಿ ಕೂರಿಸಿದ. 1805ರಲ್ಲಿ ವಾಲ್ಟರ್ ಸ್ಕಾಟ್ ತನ್ನ ಕಥನಕಾವ್ಯದ ಮೂಲಕ ಈ ಪದವನ್ನು ಇಂಗ್ಲಿಷ್ ಓದುಗರೆಲ್ಲರ ಮನೆಗೆ ತಲುಪಿಸಿದ. ಕ್ರಮೇಣ ಮಾಟ ಹಿಂದೆ ಸರಿದು ಮೋಹಕತೆ ಮುಂದೆ ಬಂತು. 1939ರಲ್ಲಿ ಅಮೆರಿಕದಲ್ಲಿ ‘ಗ್ಲಾಮರ್ ಆಫ್ ಹಾಲಿವುಡ್’ ಎಂಬ ಪತ್ರಿಕೆ ಶುರುವಾಗುವ ಹೊತ್ತಿಗೆ, ಒಂದು ಕಾಲದ ಆರೋಪ ಕೊಂಡು ತೊಡಬಹುದಾದ ಗುಣವಾಗಿತ್ತು. ಕಲರ್, ಆನರ್ ಮೊದಲಾದ ಪದಗಳ ಕಾಗುಣಿತದಿಂದ ‘ಯು’ ಕಿತ್ತುಹಾಕಿದ ಅಮೆರಿಕನ್ನರು ಗ್ಲಾಮರ್‌ನ ‘ಯು’ವನ್ನು ಸಾಮಾನ್ಯವಾಗಿ ಹಾಗೆಯೇ ಉಳಿಸಿಕೊಂಡರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ಮೋಡಿ’. ಅದು ಮಾಟವೂ ಹೌದು, ಸೊಬಗೂ ಹೌದು. ಹಳೆಯ ಕಾಗದಪತ್ರಗಳ ಸುತ್ತುಸುತ್ತಾದ ಬರಹಕ್ಕೂ ಮೋಡಿ ಎಂದೇ ಹೆಸರು. ಪುಣೆ, ಮುಂಬಯಿಯವರಿಗೆ ಮರಾಠಿಯ ಮೋಡಿ ಲಿಪಿ ಗೊತ್ತೇ ಇದೆ. ಹೆಸರು ಒಂದೇ ಆದ ಮಾತ್ರಕ್ಕೆ ಎರಡರ ಬೇರೂ ಒಂದೇ ಎನ್ನುವಂತಿಲ್ಲ. ಆದರೆ ಮೋಡಿಗೂ ಗ್ಲಾಮರ್‌ಗೂ ಒಂದು ಹೋಲಿಕೆಯಂತೂ ಇದೆ. ‘ಅವಳು ಅವನಿಗೆ ಮೋಡಿ ಮಾಡಿದಳು’ ಎಂದಾಗ ಕರ್ತೃ ಅವಳೇ, ಹೊಣೆಯೂ ಅವಳದೇ. ಮರುಳಾದವನು ಏನೂ ಮಾಡಿಲ್ಲ. ಅವನ ಪರವಾಗಿ ವ್ಯಾಕರಣವೇ ಸಾಕ್ಷಿ ಹೇಳುತ್ತದೆ.